ಚಪ್ಪಲಿ ಒಳಗೇ ಬಿಡ್ರಿ

ಚಿಂಚೋಳಿಯ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಯಾರಾದರೂ ‘ಕೌನ್ಸೆಲಿಂಗ್ ಕೇಂದ್ರ’ ಎಂದು ಬೋರ್ಡು ಬರೆಸಿ ಕೂತರೆ ಮೊದಲು ಬರುವವರು ಯಾರಿರಬಹುದು? ಮಗನ ಸಿಇಟಿ ರ‍್ಯಾಂಕಿನ ಚೀಟಿ ಹಿಡಿದ ಅಪ್ಪ ಬರಬಹುದು, ಯಾವ ಕಾಲೇಜಿನಲ್ಲಿ ಸೀಟು ಸಿಕ್ಕೀತು ಎಂದು ಕೇಳಲು. ಅವನ ಹಿಂದೆಯೇ ಊರಿನ ಹತ್ತಿರದ ಶಾಲೆಗೆ ವರ್ಗ ಬೇಕೆಂದು ಕಾದಿರುವ ಮೇಡಂ ಇಣುಕಬಹುದು. ನಮ್ಮ ರಾಜ್ಯದಲ್ಲಿ ‘ಕೌನ್ಸೆಲಿಂಗ್’ ಎಂದರೆ ಇವೆರಡೇ: ಸೀಟು ಹಂಚುವುದು, ಮಾಸ್ತರರ ಟ್ರಾನ್ಸ್‌ಫರ್. ಮನಸ್ಸಿನ ಮಾತು ಆ ಪದದಲ್ಲಿ ಯಾರಿಗೂ ಕೇಳಿಸುವುದಿಲ್ಲ.

‘ಆಪ್ತಸಮಾಲೋಚನೆ’ ಎಂದು ಬರೆಸೋಣವೇ? ಶುದ್ಧ ಪದ, ಸರ್ಕಾರದ ಸುತ್ತೋಲೆಗಳಲ್ಲಿ ಸಲೀಸಾಗಿ ಓಡಾಡುವ ಪದ. ಆದರೆ ಓದಿದವರು ಇದ್ಯಾವುದೋ ಇಲಾಖೆಯ ಕಚೇರಿ ಎಂದುಕೊಂಡು ಮುಂದೆ ನಡೆಯುತ್ತಾರೆ. ‘ಮಾನಸಿಕ’ ಎಂಬ ನಾಲ್ಕಕ್ಷರ ಮುಂದೆ ಸೇರಿಸಿದಿರೋ, ಕತೆ ಅಲ್ಲಿಗೆ ಮುಗಿಯಿತು. ‘ಹುಚ್ಚರ ದವಾಖಾನಿ’ ಎಂದು ಸಂಜೆಯೊಳಗೆ ಹೆಸರು ಬಿದ್ದಿರುತ್ತದೆ.

ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ, ಕನ್ನಡದಲ್ಲಿ ಮನಸ್ಸಿನ ಆರೋಗ್ಯದ ಬಗ್ಗೆ ಇನ್ನೂರಕ್ಕೂ ಹೆಚ್ಚು ಪುಸ್ತಕ ಬರೆದ ಡಾ. ಸಿ.ಆರ್. ಚಂದ್ರಶೇಖರ್ ಅವರು ಬೆಂಗಳೂರಿನ ಅರಕೆರೆಯಲ್ಲಿ ಉಚಿತ ಕೇಂದ್ರವೊಂದನ್ನು ತೆರೆದಾಗ ಅದಕ್ಕಿಟ್ಟ ಹೆಸರು ‘ಸಮಾಧಾನ’. 2024ರಲ್ಲಿ ಪದ್ಮಶ್ರೀ ಪಡೆದ ಈ ವೈದ್ಯರು ಹೆಸರಿಡುವುದರಲ್ಲೇ ಅರ್ಧ ಕೆಲಸ ಮುಗಿಸಿದ್ದರು ಎನ್ನಬೇಕು. ಕಲಬುರಗಿ ಸೀಮೆಯಲ್ಲಿ “ಯಾಕೋ ಮನಸ್ಸಿಗಿ ಸಮಾಧಾನ ಇಲ್ರಿ” ಎನ್ನದ ಮನೆಯಿಲ್ಲ. ಜನ ಆಡುವ ಮಾತೇ ಬೋರ್ಡಿನ ಮೇಲಿದ್ದರೆ ಮೆಟ್ಟಿಲು ಹತ್ತಲು ಕಾಲು ಅಳುಕುವುದಿಲ್ಲ. ಚಿಂಚೋಳಿ, ಸೇಡಂ, ಚಿತ್ತಾಪುರದಂಥ ಊರುಗಳಲ್ಲಿ ಖಾಸಗಿಯಾಗಿ ಆಪ್ತಸಮಾಲೋಚನೆ ನಡೆಸಬೇಕೆನ್ನುವವರು ಖೋಲಿ ಹುಡುಕುವ ಮೊದಲು ಪದ ಹುಡುಕಬೇಕು.

ಈ ಊರುಗಳು ಎಂಥವು ಎಂದು ಒಮ್ಮೆ ನೋಡಿ. ಚಿಂಚೋಳಿ ಕಲಬುರಗಿ ಜಿಲ್ಲೆಯ ಪೂರ್ವದ ಅಂಚು, ತೆಲಂಗಾಣಕ್ಕೆ ಮೈ ತಾಗಿಸಿ ಕೂತ ತಾಲ್ಲೂಕು. ಮುಲ್ಲಾಮಾರಿ ನದಿ, ಚಂದ್ರಂಪಳ್ಳಿ ಜಲಾಶಯ, 134.88 ಚದರ ಕಿಲೋಮೀಟರಿನ ವನ್ಯಧಾಮ, ಕುಂಚಾವರಂ ಕಡೆಗೆ ಕಾಡಿನೊಳಗೆ ಹರಡಿದ ಲಂಬಾಣಿ ತಾಂಡಾಗಳು. ಊರಿಗೆ ರೈಲಿಲ್ಲ, ಬಸ್ಸೇ ಗತಿ. ಪಕ್ಕದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳಲ್ಲಿ ರೈಲೂ ಇದೆ, ಸಿಮೆಂಟ್ ಕಾರ್ಖಾನೆಗಳ ಹೊಗೆಯೂ ಇದೆ, ಕಲ್ಲಿನ ಖಣಿಗಳ ದೂಳೂ ಇದೆ. ಇಡೀ ಸೀಮೆಯ ಬೆಳೆ ತೊಗರಿ. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಳೆ ಕೈಕೊಟ್ಟ ವರ್ಷ ಆ ಮಾನ್ಯತೆಯಿಂದ ಸಾಲ ತೀರುವುದಿಲ್ಲ. ಆಗ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ. ಊರಲ್ಲಿ ಉಳಿದ ಮುದುಕರು, ಅವರ ಹತ್ತಿರ ಬಿಟ್ಟುಹೋದ ಮಕ್ಕಳು. ಪಾಳಿಯ ಕೆಲಸಕ್ಕೆ ನಿದ್ದೆ ಕೊಟ್ಟು ಕುಡಿತ ತಂದ ಕಾರ್ಮಿಕ. ಮೇ ತಿಂಗಳಲ್ಲಿ ಫಲಿತಾಂಶ ಬಂದ ದಿನ ಕದ ಹಾಕಿಕೊಂಡ ಹುಡುಗಿ: 2025ರ ಎಸ್ಸೆಸ್ಸೆಲ್ಸಿಯಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು ಎನ್ನುವುದನ್ನು ನೆನೆದರೆ ಅಂಥ ಮನೆಗಳೆಷ್ಟಿರಬಹುದು ಎಂದು ಊಹಿಸಿಕೊಳ್ಳಬಹುದು.

ಕೆಲಸಕ್ಕೆ ಬರವಿಲ್ಲ ಎಂದಾಯಿತು. ಆದರೆ ಇವರಲ್ಲಿ ಯಾರೂ ‘ಖಿನ್ನತೆ’ ಎಂಬ ಪದ ಹಿಡಿದುಕೊಂಡು ಬರುವುದಿಲ್ಲ. “ಎದಿ ಧಡಧಡ ಅಂತದ”, “ನಿದ್ದಿ ಹತ್ತವಲ್ದು”, “ಮೈಯೆಲ್ಲಾ ಭಾರ ಆಗ್ಯದ” ಎನ್ನುತ್ತಾರೆ. ಅತ್ತೆ ಸೊಸೆಯನ್ನು ಕರೆತಂದರೆ ಒಂದೇ ಮಾತು: “ಭಾಳ ವಿಚಾರ ಮಾಡ್ತಾಳ್ರಿ.” ಈ ‘ವಿಚಾರ ಮಾಡುವುದು’ ಎಂಬ ಮಾತನ್ನು ಹಗುರಾಗಿ ತೆಗೆದುಕೊಳ್ಳಬಾರದು. ಜಿಂಬಾಬ್ವೆಯ ಶೋನಾ ಭಾಷೆಯಲ್ಲಿ ‘ಕುಫುಂಗಿಸಿಸಾ’ ಎಂಬ ಪದವಿದೆ, ಅರ್ಥವೂ ಅದೇ: ಅತಿಯಾಗಿ ವಿಚಾರ ಮಾಡುವುದು. ಅಲ್ಲಿನ ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಲ್ಲಿ ಹರಾರೆ ನಗರದಲ್ಲಿ ಹದಿನಾಲ್ಕು ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಅಂಗಳದ ಬೆಂಚಿನ ಮೇಲೆ ಕೂರಿಸಿದರು. ಬಂದವರ ಜೊತೆ ಅವರು ರೋಗದ ಹೆಸರು ಹಿಡಿದು ಮಾತಾಡಲಿಲ್ಲ, ‘ಕುಫುಂಗಿಸಿಸಾ’ ಎಂದೇ ಮಾತಾಡಿದರು. ‘ಗೆಳೆತನದ ಬೆಂಚು’ ಎಂದು ಹೆಸರಾದ ಈ ಪ್ರಯೋಗದಿಂದ ಜನರಿಗೆ ನಿಜಕ್ಕೂ ಗುಣ ಕಂಡಿತೆಂದು 2016ರಲ್ಲಿ ವೈದ್ಯಕೀಯ ನಿಯತಕಾಲಿಕದಲ್ಲಿ ವರದಿಯಾಯಿತು. ಚಿಂಚೋಳಿಯಲ್ಲಿ ಕೂರುವವರಿಗೆ ಇನ್ನೂ ಒಂದು ತೊಡಕಿದೆ. ಇಲ್ಲಿ ಒಂದು ಭಾಷೆ ಸಾಲದು. ಕನ್ನಡ, ದಖನಿ ಉರ್ದು, ಗಡಿಯಲ್ಲಿ ತೆಲುಗು, ತಾಂಡಾದಲ್ಲಿ ಗೋರ್ ಬೋಲಿ. ತಾಯಿಯನ್ನು ‘ಯಾಡಿ’ ಎಂದು ಕರೆದು ಬೆಳೆದವಳಿಗೆ ದುಃಖವೂ ಆ ಭಾಷೆಯಲ್ಲೇ ಉಕ್ಕುತ್ತದೆ. ದುಭಾಷಿಯಾಗಿ ಗಂಡನನ್ನೇ ಕೂರಿಸಿಕೊಂಡರೆ ಅವಳು ಹೇಳಬೇಕಾದುದನ್ನು ಹೇಳಿದಂತೆಯೇ!

ಇನ್ನು ಓದಿನ ಮಾತು. ಕನ್ನಡ ನಾಡಿಗೆ ಮನಶ್ಶಾಸ್ತ್ರ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ವಿಭಾಗ ಶುರುವಾಗಿತ್ತು. ಅದನ್ನು ಕಟ್ಟಿ ಬೆಳೆಸಿದ ಡಾ. ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ತಮ್ಮ ಮನೆಯಲ್ಲಿ ರೇಡಿಯೊ ಕೇಂದ್ರ ತೆರೆದು ‘ಆಕಾಶವಾಣಿ’ ಎಂಬ ಹೆಸರನ್ನು ಬಳಕೆಗೆ ತಂದವರು. ಹೀಗೆ ನೂರು ವರ್ಷ ಕಳೆದರೂ ‘ಆಪ್ತಸಮಾಲೋಚಕ’ ಎಂದು ಬೋರ್ಡು ಹಾಕಲು ಯಾರ ಅಪ್ಪಣೆ ಬೇಕು ಎನ್ನುವುದು ಬಹಳ ಕಾಲ ಗೋಜಲಾಗಿಯೇ ಇತ್ತು. ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ಹೇಳಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಕಡ್ಡಾಯ. ಉಳಿದ ಮನಶ್ಶಾಸ್ತ್ರಜ್ಞರು, ಮನೋಸಾಮಾಜಿಕ ಕಾರ್ಯಕರ್ತರು, ಆಪ್ತಸಮಾಲೋಚಕರಲ್ಲಿ ಹಲವರು 2021ರಲ್ಲಿ ಬಂದ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ಪಟ್ಟಿಯಲ್ಲಿ ಸೇರಿದ್ದಾರೆ. ರಾಜ್ಯ ಮಟ್ಟದ ನೋಂದಣಿ ಎಲ್ಲಿಗೆ ಬಂದಿದೆ ಎಂದು ಕೇಂದ್ರ ತೆರೆಯುವವರು ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಕೈಯಲ್ಲಿ ಮನಶ್ಶಾಸ್ತ್ರದ ಎಂ.ಎ. ಅಥವಾ ಎಂ.ಎಸ್ಸಿ., ಇಲ್ಲವೇ ಎಂಎಸ್‌ಡಬ್ಲ್ಯು ಪದವಿ. ಅದರ ಮೇಲೆ ಆಪ್ತಸಮಾಲೋಚನೆಯ ಡಿಪ್ಲೊಮಾ. ಅದಕ್ಕಿಂತ ಮುಖ್ಯವಾಗಿ ಹಿರಿಯರ ಕಣ್ಣಳತೆಯಲ್ಲಿ ಮಾಡಿದ ಒಂದೆರಡು ವರ್ಷಗಳ ಕೆಲಸ. ಇಷ್ಟು ಇದ್ದವರು ಧೈರ್ಯ ಮಾಡಬಹುದು. ಮೂರು ದಿನದ ಆನ್‌ಲೈನ್ ಶಿಬಿರದ ಪ್ರಮಾಣಪತ್ರಕ್ಕೆ ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕುವವರೂ ಇದ್ದಾರೆ. ಅವರ ಹತ್ತಿರ ಹೋಗುವುದಕ್ಕಿಂತ ಊರಿನ ಹಿರೇರ ಕಟ್ಟೆಗೆ ಹೋಗುವುದು ಕ್ಷೇಮ, ಅಲ್ಲಿ ಕೊನೆಪಕ್ಷ ಫೀಸಿಲ್ಲ. ಆಪ್ತಸಮಾಲೋಚಕರು ಗುಳಿಗೆ ಬರೆಯುವಂತಿಲ್ಲ ಎನ್ನುವುದೂ ನೆನಪಿರಲಿ. ಕಿವಿಯಲ್ಲಿ ಧ್ವನಿ ಕೇಳುತ್ತದೆ ಎನ್ನುವವರು, ವಾರಗಟ್ಟಲೆ ಊಟ ಬಿಟ್ಟವರು ಬಂದರೆ ಮನೋವೈದ್ಯರಿಗೆ ಒಪ್ಪಿಸುವುದೇ ಅವರ ಕೆಲಸ.

ಹಿರೇರ ಕಟ್ಟೆಯ ಮಾತು ಬಂದದ್ದಕ್ಕೆ ಇನ್ನೊಂದು ಮುಖ್ಯ ಸಂಗತಿ. ಈ ಭಾಗದಲ್ಲಿ ಮನೆಯವರು ಯಾರನ್ನಾದರೂ ಕರೆತಂದರೆ ಕೇಳುವುದು “ಇಕಿಗಿ ನಾಕು ಬುದ್ಧಿಮಾತು ಹೇಳ್ರಿ” ಎಂದು. ಬುದ್ಧಿ ಹೇಳುವವರಿಗೆ ನಮ್ಮಲ್ಲಿ ಬರಗಾಲವಿಲ್ಲ. ಅಪ್ಪ, ಕಾಕಾ, ಮಾಸ್ತರು, ಮಠದ ಅಪ್ಪೋರು ಎಲ್ಲರೂ ಹೇಳಿಯಾಗಿರುತ್ತದೆ. ಅವರೆಲ್ಲ ಹೇಳಿ ಮುಗಿಸಿದ ಮೇಲೆ ಆಪ್ತಸಮಾಲೋಚಕರ ಸರದಿ, ಮತ್ತು ಅವರು ಹೇಳುವುದಕ್ಕಿಂತ ಕೇಳುವುದು ಹೆಚ್ಚು. ಹದಿನೇಳರ ಹುಡುಗಿಯನ್ನು ಕೂರಿಸಿ “ಮದುವಿಗಿ ಒಲ್ಲೆ ಅಂತಾಳ, ತಿಳಿಸಿ ಹೇಳ್ರಿ” ಎಂದರೆ? ಇಲ್ಲಿ ತಿಳಿಸಿ ಹೇಳಬೇಕಾದದ್ದು ಹುಡುಗಿಗಲ್ಲ. ಕರ್ನಾಟಕ 2016ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಈ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ನಡೆದರೂ ಮದುವೆಯಲ್ಲ. ಅದನ್ನು ಅಪ್ಪ-ಅಮ್ಮನಿಗೆ ಸಿಟ್ಟಿಲ್ಲದೆ ಹೇಳುವುದು, ಕೇಳದಿದ್ದರೆ 1098ಕ್ಕೆ ಕರೆ ಮಾಡುವುದು. ಆ ಮನೆಯಿಂದ ಮತ್ತೆ ಯಾರೂ ಫೀಸು ಕೊಡಲು ಬರುವುದಿಲ್ಲ, ಅಷ್ಟೇ.

ಈಗ ಖೋಲಿ. ಬೆಂಗಳೂರಿನ ಕೇಂದ್ರಗಳಲ್ಲಿ ಮೆತ್ತನೆಯ ಸೋಫಾ, ಮೂಲೆಯಲ್ಲಿ ಹಸಿರು ಕುಂಡ, ಗೋಡೆಗೆ ತಿಳಿಬಣ್ಣ. ಚಿಂಚೋಳಿಯಲ್ಲಿ ಬೇಕಾದದ್ದು ಚಪ್ಪಲಿ ಇಡುವ ಜಾಗ, ಅದೂ ಬಾಗಿಲ ಒಳಗೆ. ಸಣ್ಣ ಊರಿನಲ್ಲಿ ಮುಖ ನೋಡಬೇಕಾಗಿಲ್ಲ. ಹೊರಗೆ ಬಿಟ್ಟ ಚಪ್ಪಲಿ ನೋಡಿದರೆ ಸಾಕು, ಒಳಗೆ ಕೂತವರು ಯಾರೆಂದು ಎದುರಿನ ಚಾ ಅಂಗಡಿಗೆ ತಿಳಿಯುತ್ತದೆ. ಉಂಗುಟ ಹರಿದು ದಾರ ಹಾಕಿಸಿದ್ದು ಇಂಥವರದು, ಹಿಮ್ಮಡಿ ಸವೆದದ್ದು ಇಂಥವರದು. ಬೈಕಂತೂ ನಂಬರ್ ಸಮೇತ ನಿಂತ ಸಾಕ್ಷಿ. ಹಾಗಾಗಿ ಖೋಲಿ ಮೆಡಿಕಲ್ ಅಂಗಡಿಯ ಮೇಲೋ ಝೆರಾಕ್ಸ್ ಅಂಗಡಿಯ ಹಿಂದೋ ಇರಬೇಕು. ಅಲ್ಲಿಗೆ ಹೋಗಲು ಯಾರಿಗಾದರೂ ನೂರು ಕಾರಣಗಳಿರುತ್ತವೆ. ಸಾಧ್ಯವಾದರೆ ಬರಲೊಂದು ಬಾಗಿಲು, ಹೋಗಲೊಂದು ಬಾಗಿಲು. ಕಾಯುವವರನ್ನು ಒಂದೇ ಬೆಂಚಿನ ಮೇಲೆ ಸಾಲಾಗಿ ಕೂರಿಸಬಾರದು. ಒಬ್ಬರು ಹೋದ ಮೇಲೆ ಇನ್ನೊಬ್ಬರು ಬರುವಂತೆ ನಡುವೆ ಹತ್ತು ನಿಮಿಷ ಬಿಡಬೇಕು. ಗೋಡೆಯಾಚೆ ಮಾತು ಕೇಳಿಸದಂತೆ ಫ್ಯಾನು ಸ್ವಲ್ಪ ಸದ್ದು ಮಾಡುತ್ತಿದ್ದರೆ ಅದನ್ನು ರಿಪೇರಿ ಮಾಡಿಸಬಾರದು.

ಒಂದು ಸರದಿ ಐವತ್ತು ನಿಮಿಷ ಎನ್ನುವುದು ಜಗತ್ತಿನಾದ್ಯಂತ ಇರುವ ರೂಢಿ. ಇಲ್ಲಿ ಗಡಿಯಾರಕ್ಕಿಂತ ಬಸ್ಸಿನ ವೇಳೆ ದೊಡ್ಡದು. ತಾಂಡಾದಿಂದ ಬಂದ ಹೆಣ್ಣುಮಗಳು ಕುರ್ಚಿಯ ತುದಿಯಲ್ಲಿ ಕೂತು ಮೊಣಕಾಲು ನೋವಿನ ಮಾತಾಡುತ್ತಾಳೆ, ಎಮ್ಮೆಯ ಮಾತಾಡುತ್ತಾಳೆ, ಮಗನ ಶಾಲೆಯ ಮಾತಾಡುತ್ತಾಳೆ. ನಲವತ್ತೈದು ನಿಮಿಷ ಹೀಗೇ. ಎದ್ದು ಸೆರಗು ಸರಿ ಮಾಡಿಕೊಂಡು ಚಿಲಕಕ್ಕೆ ಕೈ ಹಾಕಿದ ಮೇಲೆ, ಆಚೆ ಮುಖ ಮಾಡಿ ನಿಂತೇ, ಬಂದ ಕಾರಣವನ್ನು ಒಂದೇ ವಾಕ್ಯದಲ್ಲಿ ಹೇಳಿಬಿಡುತ್ತಾಳೆ. ಚಿಲಕದ ಹತ್ತಿರ ಬರುವ ಈ ಮಾತು ಈ ಕಸುಬಿನವರಿಗೆಲ್ಲ ಗೊತ್ತು. ಸಂಜೆಯ ಬಸ್ಸಿಗೆ ಹದಿನೈದೇ ನಿಮಿಷ. ಕೂಡಿಸಿಕೊಂಡರೆ ಬಸ್ಸು ತಪ್ಪುತ್ತದೆ, ಬಸ್ಸು ತಪ್ಪಿದರೆ ಮನೆಯಲ್ಲಿ ಕೇಳುವವರಿಗೆ ಏನು ಉತ್ತರ? ಕಳಿಸಿದರೆ ಅವಳು ಮತ್ತೆ ಬಂದಾಳೆಂಬ ಖಾತ್ರಿಯಿಲ್ಲ. ಇದಕ್ಕೆ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ. ಅನುಭವಿಗಳು ಮಾಡುವುದಿಷ್ಟು: ಮಾತು ಕೇಳಿಸಿತು ಎಂದು ಸ್ಪಷ್ಟವಾಗಿ ತಿಳಿಸುತ್ತಾರೆ, ಜೀವಕ್ಕೆ ಅಪಾಯವಿದೆಯೇ ಎಂದು ನೇರವಾಗಿ ಕೇಳುತ್ತಾರೆ, ಇಲ್ಲವೆಂದರೆ ಮುಂದಿನ ದಿನವನ್ನು ಅಲ್ಲೇ ಗೊತ್ತು ಮಾಡಿ ಆ ಸರದಿಯನ್ನು ಇದೇ ಮಾತಿನಿಂದ ಶುರು ಮಾಡುತ್ತಾರೆ.

2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆ ಈ ಕಸುಬಿಗೂ ಸದ್ದಿಲ್ಲದೆ ಉಪಕಾರ ಮಾಡಿದೆ ಎನ್ನಬೇಕು. ಬಸ್ ಚಾರ್ಜಿಗೆ ಗಂಡನ ಮುಂದೆ ಕೈಯೊಡ್ಡದೆ ಹೆಣ್ಣುಮಕ್ಕಳು ತಾಲ್ಲೂಕಿಗೆ ಬಂದುಹೋಗಬಹುದು. ಫೀಸು ಮಾತ್ರ ಬೇರೆ ಮಾತು. “ಗುಳಿಗಿ ಇಲ್ಲ, ಸೂಜಿ ಇಲ್ಲ, ಬರೇ ಮಾತಿಗಿ ಮುನ್ನೂರು ರೂಪಾಯಿ ಏನ್ರಿ?” ಎಂಬ ಪ್ರಶ್ನೆಯಲ್ಲಿ ಕುಹಕವಿಲ್ಲ, ನಿಜವಾದ ಸೋಜಿಗವಿದೆ. ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ ಮುನ್ನೂರು ತೆಗೆದಿಡುವವಳಿಗೆ ಆ ದುಡ್ಡಿನ ಬೆಲೆ ಏನೆಂದು ಬೆಂಗಳೂರಿನ ದರಪಟ್ಟಿಗೆ ತಿಳಿಯದು.

ಒಂದು ಲೆಕ್ಕ ಹಾಕಿ ನೋಡಬಹುದು, ಕಾಗದದ ಮೇಲಿನ ಲೆಕ್ಕವೇ. ಕಲಬುರಗಿಯಿಂದ ವಾರಕ್ಕೆರಡು ದಿನ ಬರುವವರು, ದಿನಕ್ಕೆ ನಾಲ್ಕು ಸರದಿ ಎಂದು ಹಿಡಿಯೋಣ. ತಿಂಗಳಿಗೆ 32. ಹೇಳಿದವರೆಲ್ಲ ಬರುವುದಿಲ್ಲ, ಬಿತ್ತನೆಗೆ, ಜಾತ್ರೆಗೆ, ಮದುವೆಗೆಂದು ಎಂಟು ಕಳೆಯಿರಿ. ಉಳಿದ 24ಕ್ಕೆ ಮುನ್ನೂರರಂತೆ 7,200 ರೂಪಾಯಿ. ಖೋಲಿಯ ಕಿರಾಯಿ 4,000, ಕರೆಂಟು-ಫೋನು 800, ಎಂಟು ಸಲ ಹೋಗಿಬರುವ ಬಸ್ಸಿಗೆ 1,600, ತಿಂಗಳಿಗೆರಡು ಸಲ ಹಿರಿಯ ಸಮಾಲೋಚಕರ ಮಾರ್ಗದರ್ಶನಕ್ಕೆ 1,000. ಒಟ್ಟು 7,400. ಕೈಯಿಂದ ಹೋದದ್ದು 200. ಕೂತವರು ಹೆಣ್ಣಾದರೆ ಬಸ್ಸಿನ 1,600 ಉಳಿದು 1,400 ಗಿಟ್ಟುತ್ತದೆ. ಚಿಂಚೋಳಿಯೊಂದನ್ನೇ ನಂಬಿ ಸಂಸಾರ ಸಾಗಿಸುತ್ತೇನೆ ಎನ್ನುವವರು ಈ ಅಂಕಿಗಳನ್ನು ಎದುರಿಗಿಟ್ಟುಕೊಂಡು ಯೋಚಿಸಲಿ.

ಹಾಗಾದರೆ ದಾರಿ? ಸಂತೆಯವರದು. ಬಳೆ ಮಾರುವವರು ಒಂದೇ ಊರಲ್ಲಿ ಅಂಗಡಿ ಹಾಕಿ ಕೂರುವುದಿಲ್ಲ. ಇವತ್ತು ಒಂದು ಊರಿನ ಸಂತೆ, ನಾಳೆ ಮತ್ತೊಂದು ಊರಿನದು. ಚಿಂಚೋಳಿಗೊಂದು ದಿನ, ಸೇಡಂಗೊಂದು ದಿನ, ಚಿತ್ತಾಪುರಕ್ಕೆ, ಶಹಾಬಾದ್‌ಗೆ ಒಂದೊಂದು ದಿನ ಎಂದು ಗೊತ್ತು ಮಾಡಿಕೊಂಡರೆ ಜನವೂ ಕೂಡುತ್ತಾರೆ, ಗುಟ್ಟೂ ಉಳಿಯುತ್ತದೆ: ಚಿಂಚೋಳಿಯವರು ಸೇಡಂನಲ್ಲಿ, ಸೇಡಂನವರು ಚಿಂಚೋಳಿಯಲ್ಲಿ ಬಂದು ಕಾಣಬಹುದು. ಸಂತೆಯ ದಿನ ತಾಲ್ಲೂಕಿಗೆ ಬಂದವರನ್ನು ಯಾಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ. ಇನ್ನು ವಾಡಿ, ಮಳಖೇಡ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು. ದೊಡ್ಡ ಕಾರ್ಖಾನೆಗಳಲ್ಲಿ ಕಾರ್ಮಿಕ ಕಲ್ಯಾಣ ಅಧಿಕಾರಿಯನ್ನು ಇಡಲೇಬೇಕು ಎನ್ನುವುದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ಬಂದ ಹಳೆಯ ನಿಯಮ. ಆ ಅಧಿಕಾರಿಯನ್ನು ಕಂಡು ತಿಂಗಳಿಗೆರಡು ದಿನದ ಒಪ್ಪಂದ ಮಾಡಿಕೊಂಡರೆ ಕಿರಾಯಿಯ ಚಿಂತೆ ತೀರುತ್ತದೆ. ಆದರೆ ಒಪ್ಪಂದದಲ್ಲಿ ಒಂದು ಸಾಲು ಗಟ್ಟಿಯಾಗಿ ಬರೆಸಬೇಕು, ಕಾರ್ಮಿಕ ಹೇಳಿದ್ದು ಕಂಪನಿಗೆ ಹೋಗುವುದಿಲ್ಲ ಎಂದು. ಅದಕ್ಕೆ ಒಪ್ಪದ ಕಂಪನಿಯ ದುಡ್ಡು ಬೇಡ.

ಜನ ಬರಲಿ ಎಂದು ಕೂರುವುದಕ್ಕಿಂತ ಜನ ಇದ್ದಲ್ಲಿಗೆ ಹೋಗುವುದು ಈ ನೆಲಕ್ಕೆ ಹೊಸ ವಿಚಾರವಲ್ಲ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವುದನ್ನು ಕಲಿಸಿತು. ಸುಮಾರು 20 ಲಕ್ಷ ಜನರ ಜಿಲ್ಲೆಯಲ್ಲಿ ಐದು ವರ್ಷ ನಡೆದ ಈ ಕೆಲಸವೇ ‘ಬಳ್ಳಾರಿ ಮಾದರಿ’ ಎನಿಸಿ, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಖಾಸಗಿಯವರಲ್ಲಿ ಶಿವಮೊಗ್ಗದ ಡಾ. ಕೆ.ಎ. ಅಶೋಕ್ ಪೈ ಅವರನ್ನು ನೆನೆಯಬೇಕು. ಮಾನಸ ಆಸ್ಪತ್ರೆ ಕಟ್ಟಿದ ಈ ಮನೋವೈದ್ಯರು ಕತೆ ಬರೆದರು, ಸಿನಿಮಾಕ್ಕೂ ಕೈ ಹಾಕಿದರು. 1988ರ ‘ಕಾಡಿನ ಬೆಂಕಿ’ ಅವರ ಕತೆಯಿಂದ ಬಂದದ್ದು. ಜಾಹೀರಾತು ಕೊಟ್ಟು ಹಳ್ಳಿಯವರನ್ನು ಕರೆಯುವುದಕ್ಕಿಂತ ಕತೆ ಹೇಳಿ ಅವರ ಅಂಜಿಕೆ ತೆಗೆಯುವುದು ಬಲವಾದ ದಾರಿಯೆಂದು ಅವರು ಬಲ್ಲವರು. ಚಿಂಚೋಳಿಯಲ್ಲಿ ಕೂರುವವರು ಸಿನಿಮಾ ತೆಗೆಯಬೇಕಾಗಿಲ್ಲ. ಶಾಲೆಯ ಪಾಲಕರ ಸಭೆ, ಸ್ತ್ರೀಶಕ್ತಿ ಸಂಘದ ಬೈಠಕ್, ಹಾಸ್ಟೆಲ್ ಹುಡುಗರ ಜೊತೆ ಪರೀಕ್ಷೆಗೆ ಮುಂಚಿನ ಒಂದು ತಾಸು, ಇಷ್ಟು ಸಾಕು.

ಗುಟ್ಟಿನ ಬಗ್ಗೆ ಕಾನೂನೂ ಮಾತಾಡುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆಗೆ ಬಂದವರ ಗೌಪ್ಯತೆಯನ್ನು ಹಕ್ಕೆಂದು ಒಪ್ಪಿಕೊಂಡಿದೆ. ಟಿಪ್ಪಣಿ ಪುಸ್ತಕದಲ್ಲಿ ಹೆಸರಿನ ಬದಲು ನಂಬರ್ ಹಾಕಿ, ಯಾವ ನಂಬರ್ ಯಾರದೆಂಬ ಪಟ್ಟಿಯನ್ನು ಬೇರೆ ಬೀರುವಿನಲ್ಲಿ ಬೀಗ ಹಾಕಿಡುವುದು ಒಳ್ಳೆಯ ರೂಢಿ. ಆದರೆ ಗುಟ್ಟು ಮುರಿಯಲೇಬೇಕಾದ ಸಂದರ್ಭಗಳಿವೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆ. ಜೀವ ಕಳೆದುಕೊಳ್ಳುವ ಮಾತಾಡಿದವರನ್ನು ಒಬ್ಬರನ್ನೇ ಬಸ್ಸು ಹತ್ತಿಸಬಾರದು; ನಂಬಿಕಸ್ಥರೊಬ್ಬರನ್ನು ಕರೆಸಬೇಕು, ಆಸ್ಪತ್ರೆಯವರೆಗೆ ಜೊತೆಗಿರಬೇಕು. ಆತ್ಮಹತ್ಯೆಗೆ ಯತ್ನಿಸಿ ಬದುಕಿದವರ ಮೇಲೆ ಕೇಸು ಬೀಳುತ್ತದೆ ಎಂಬ ಹೆದರಿಕೆಯಿಂದ ಎಷ್ಟೋ ಮನೆಯವರು ಬಾಯಿ ಬಿಡುವುದಿಲ್ಲ. ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು ಅದೇ 2017ರ ಕಾಯ್ದೆ ಹೇಳುತ್ತದೆ. ಈ ಎಲ್ಲ ವಿನಾಯಿತಿಗಳನ್ನು ಮೊದಲ ದಿನವೇ, ಮಾತು ಶುರುವಾಗುವ ಮೊದಲೇ, ಬಂದವರ ಭಾಷೆಯಲ್ಲಿ ಹೇಳಿರಬೇಕು.

ಸಂಜೆ ಖೋಲಿಗೆ ಬೀಗ ಹಾಕಿ ಬಸ್ಸಿನಲ್ಲಿ ಕೂತವರ ತಲೆಯಲ್ಲೂ ನಾಲ್ಕು ಜನರ ಸಂಕಟ ಕೂತಿರುತ್ತದೆ. ಮನೆಯಲ್ಲಿ ಹೇಳುವಂತಿಲ್ಲ. ಹಿರಿಯರ ಮಾರ್ಗದರ್ಶನಕ್ಕೆಂದು ಲೆಕ್ಕದಲ್ಲಿ ಇಟ್ಟ ಆ ಸಾವಿರ ರೂಪಾಯಿ ಇದಕ್ಕೇ. ಖರ್ಚು ಕಡಿತ ಮಾಡುವಾಗ ಎಲ್ಲರೂ ಮೊದಲು ಕೈಹಾಕುವುದು ಅದಕ್ಕೆ, ಹಾಗೆ ಮಾಡಬಾರದು.

ಚಿಂಚೋಳಿಯಲ್ಲಿ ಇಂಥ ಕೆಲಸ ಶುರು ಮಾಡುವ ಮನಸ್ಸಿದ್ದವರಿಗೆ ಒಂದು ಕೋರಿಕೆ. ರಾಜ್ಯ ಸರ್ಕಾರ 2014ರಲ್ಲಿ ತಂದ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೇ ಮನೋವೈದ್ಯರು ಬರುವ ಏರ್ಪಾಡಿದೆ. ಬೋರ್ಡು ಬರೆಸುವ ಮೊದಲು ನಿಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಆ ದಿನ ಯಾವುದೆಂದು ಕೇಳಿ, ಒಂದು ತಿಂಗಳು ಹೋಗಿ, ಅಪ್ಪಣೆ ಪಡೆದು ಹೊರಗಿನ ಸಾಲಿನಲ್ಲಿ ಕೂತು ಬನ್ನಿ. ಯಾರು ಬರುತ್ತಾರೆ, ಯಾವ ಭಾಷೆಯಲ್ಲಿ ಮಾತಾಡುತ್ತಾರೆ, ಯಾವ ಬಸ್ಸಿಗೆ ಓಡುತ್ತಾರೆ ನೋಡಿ. ಖೋಲಿ ತೆರೆದ ಮೇಲೆ ಒಳಗೋಡೆಗೆ, ಚಪ್ಪಲಿ ಇಡುವ ಜಾಗದ ಮೇಲೆ, ಎದ್ದು ಹೋಗುವವರ ಕಣ್ಣಿಗೆ ಬೀಳುವಂತೆ 14416 ಎಂದು ದೊಡ್ಡದಾಗಿ ಬರೆಸಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ ಅದು. ಹಗಲಿರುಳು ನಡೆಯುತ್ತದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ.